ಮಕ್ಕಳ ಸಂತೆಯಲ್ಲಿ ಬಂದ ದುಡ್ಡು ಯಾರದ್ದು?

ಪ್ರಶ್ನೆ: ಆರನೇ ತರಗತಿಯ ಮಗಳು ಶಾಲೆಯ ಮಕ್ಕಳ ಸಂತೆಯಲ್ಲಿ 2 ಲೀಟರ್ ಮೊಸರಿನ ಮಸಾಲೆ ಮಜ್ಜಿಗೆ ಮಾಡಿ, ಲೋಟಕ್ಕೆ 10 ರೂಪಾಯಿಯಂತೆ ಮಾರಿ 360 ರೂಪಾಯಿ ತಂದಿದ್ದಾಳೆ. ‘ನನ್ನ ದುಡ್ಡು, ನನಗೇ ಬೇಕು’ ಅನ್ನುತ್ತಾಳೆ. ಅವಳ ಕೈಗೇ ಕೊಡಬೇಕೇ, ನಾವು ಬ್ಯಾಂಕಿಗೆ ಹಾಕಬೇಕೇ?

ಉತ್ತರ: ಅವಳ ಕೈಗೇ ಕೊಡಿ. ಆದರೆ ಪೂರ್ತಿ 360 ಅಲ್ಲ. ಅದರಲ್ಲಿ ನೀವು ಹಾಕಿದ ಅಸಲೂ ಸೇರಿದೆ. ಅದನ್ನು ಅವಳೇ ಎಣಿಸಿ ನಿಮಗೆ ವಾಪಸ್ ಕೊಡಲಿ.

ಅಸಲು ಎಷ್ಟೆಂದು ಅವಳ ಜೊತೆ ಕೂತು ಬರೆಯಿರಿ. ಮೊಸರಿಗೆ 120, ಶುಂಠಿ, ಹಸಿಮೆಣಸು, ಕೊತ್ತಂಬರಿ, ಉಪ್ಪಿಗೆ 30, 50 ಪೇಪರ್ ಲೋಟಕ್ಕೆ 50 ಎಂದಿಟ್ಟುಕೊಳ್ಳಿ, ಒಟ್ಟು 200. ಲಾಭ 160. ‘ಇರಲಿ ಬಿಡು ಮಗಾ’ ಎಂದು ಅಸಲನ್ನು ಬಿಟ್ಟುಕೊಡುವ ಅಮ್ಮಂದಿರೇ ಹೆಚ್ಚು. ಪ್ರೀತಿ ಸರಿ, ಆದರೆ ಸರಕು ಪುಕ್ಕಟೆ ಬರುತ್ತದೆಂದು ಮಗು ಅಂದುಕೊಂಡರೆ ಸಂತೆ ಬರೀ ಆಟವಾಗುತ್ತದೆ.

ಇನ್ನೊಂದು ಲೆಕ್ಕ ಇನ್ನೂ ಸ್ವಾರಸ್ಯದ್ದು. 2 ಲೀಟರ್ ಮೊಸರಿಗೆ 6 ಲೀಟರ್ ನೀರು ಸೇರಿದರೆ 8 ಲೀಟರ್, ಅಂದರೆ 200 ಮಿ.ಲೀ.ನ 40 ಲೋಟ. 400 ರೂಪಾಯಿ ಬರಬೇಕಿತ್ತು. ಬಾಕಿ ನಾಲ್ಕು ಲೋಟ ಎಲ್ಲಿ ಹೋಯಿತು? ಒಂದೆರಡು ಚೆಲ್ಲಿರುತ್ತದೆ, ಒಂದೆರಡು ಗೆಳತಿಯರಿಗೆ ಉದ್ರಿ ಹೋಗಿರುತ್ತದೆ. ಸರಕಿನಲ್ಲಿ ಅದು ಹತ್ತರಲ್ಲೊಂದು ಪಾಲು. ಲಾಭದಲ್ಲಿ ಐದರಲ್ಲೊಂದು ಪಾಲು, 400 ಬಂದಿದ್ದರೆ ಸಿಗುತ್ತಿದ್ದ 200ರಲ್ಲಿ 40. ಇದು ಹೊಳೆದ ಮಗು ಮುಂದಿನ ಸಲ ಜಗ್ಗಿನಿಂದ ಸುರಿಯದೆ ಸೌಟಿನಿಂದ ಅಳೆದು ಹಾಕುತ್ತದೆ.

ಹಣ ಎಣಿಸುವಾಗ ಎರಡು ಕಡೆ ತಪ್ಪುತ್ತದೆ. ಬೆಳಿಗ್ಗೆ ಡಬ್ಬಿಗೆ ಹಾಕಿಕೊಟ್ಟ ಚಿಲ್ಲರೆಯನ್ನು ಸಂಜೆ ಮೊದಲು ತೆಗೆದಿಡಬೇಕು. ಇಲ್ಲದಿದ್ದರೆ ಅದೂ ವ್ಯಾಪಾರ ಎಂದೇ ಲೆಕ್ಕಕ್ಕೆ ಬರುತ್ತದೆ. ಎರಡನೆಯದು ಕ್ಯೂಆರ್ ಕೋಡ್. ಅಪ್ಪನ ಫೋನಿನದನ್ನು ಅಂಟಿಸಿದ್ದರೆ ಆ ಹಣ ಮಗುವಿನ ಕಣ್ಣಿಗೇ ಬೀಳುವುದಿಲ್ಲ. ಅಷ್ಟನ್ನು ಅದೇ ಸಂಜೆ ನೋಟಿನಲ್ಲಿ ಕೊಟ್ಟು ಡಬ್ಬಿಗೆ ಸೇರಿಸಿ.

ಈಗ 160ರ ಮಾತು. ಖರ್ಚಿಗೆ, ಉಳಿತಾಯಕ್ಕೆ, ದಾನಕ್ಕೆ ಎಂದು ಮೂರು ಡಬ್ಬಿ ಮಾಡಿಸುವುದು ಈಗಿನ ರೂಢಿ. ಇಷ್ಟು ಸಣ್ಣ ಮೊತ್ತಕ್ಕೆ ಅದು ಆಡಂಬರ. ಎರಡು ಸಾಕು. 60 ರೂಪಾಯಿ ಅವಳಿಷ್ಟ: ಸ್ಟಿಕ್ಕರೋ, ಗೋಬಿಯೋ, ನೀವು ಬಾಯಿ ಹಾಕಬೇಡಿ. 100 ರೂಪಾಯಿ ಮುಂದಿನ ಸಲದ ಬಂಡವಾಳ, ಹುಂಡಿಯಲ್ಲಿರಲಿ. ಆಗ ನಿಮ್ಮಿಂದ ತರುವ ಸಾಲ ಅರ್ಧಕ್ಕಿಳಿಯುತ್ತದೆ. ಆ 100ನ್ನು ಮುರಿಯಬೇಕೆನಿಸಿದರೆ ಬೇಕಾದ ವಸ್ತು, ಬೆಲೆ, ತಾರೀಖು ಮೂರನ್ನೂ ಕ್ಯಾಲೆಂಡರಿನಲ್ಲಿ ಬರೆದು ಒಂದು ವಾರ ಕಾಯಲಿ. ವಾರದ ಮೇಲೂ ಬೇಕೆಂದರೆ ತಗೊಳ್ಳಲಿ. ಕೊಂಡದ್ದು ಎರಡೇ ದಿನದಲ್ಲಿ ಮುರಿದು ಅತ್ತರೆ ಸಮಾಧಾನ ಮಾಡಿ, ಆದರೆ ಹೊಸದು ಕೊಡಿಸಬೇಡಿ. ಕೊಡಿಸಿದರೆ ಕಾದ ವಾರ ದಂಡ.

ಹುಂಡಿಗೆ ಮಕ್ಕಳಿಗಿಂತ ದೊಡ್ಡವರ ಕಾಟ ಜಾಸ್ತಿ. ‘ಆಟೋಗೆ ಚಿಲ್ಲರೆ ಇಲ್ಲ’ ಎಂದು ತೆಗೆದದ್ದು ಹಿಂದಿರುಗುವುದೇ ಇಲ್ಲ. ತೆಗೆದರೆ ಚೀಟಿ ಬರೆದು ಹಾಕಿ.

ಸಂತೆ ವರ್ಷಕ್ಕೊಮ್ಮೆ. ನಡುವೆ ಗಳಿಸುವುದಕ್ಕೆ ಮನೆಯಲ್ಲೇ ದಾರಿಗಳಿವೆ, ಹೊರಗಿನವರಿಗೆ ಮಾಡಿಸಿದ್ದರೆ ನೀವು ಕೂಲಿ ಕೊಡುತ್ತಿದ್ದ ಕೆಲಸವಾದರೆ ಮಾತ್ರ: ಕಾರು ತೊಳೆಯುವುದು, ಹಳೇ ಪೇಪರ್ ಕಟ್ಟಿ, ತೂಕ ನೋಡಿ ರದ್ದಿಗೆ ಹಾಕಿಬರುವುದು. ಉಂಡ ತಟ್ಟೆ ತೊಳೆದದ್ದಕ್ಕೆ ದುಡ್ಡು ಕೊಟ್ಟರೆ, ನಾಳೆ ನೀರು ತಂದುಕೊಡು ಅಂದರೂ ‘ಎಷ್ಟು ಕೊಡ್ತೀಯ?’ ಎಂಬ ಪ್ರಶ್ನೆ ಬರುತ್ತದೆ. ಹಬ್ಬದಲ್ಲಿ ಕಾಲಿಗೆ ಬಿದ್ದಾಗ ಸಿಗುವ ನೋಟು ಗಳಿಕೆಯಲ್ಲ. ಲೆಕ್ಕದ ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆಸಿ.

ಕಾನೂನಿನ ಗಡಿಯೂ ಗೊತ್ತಿರಲಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಅಂಗಡಿ, ಹೊಲದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ನೆರವಾಗಬಹುದು. ಪಕ್ಕದ ಬೇಕರಿಯಲ್ಲಿ ‘ಸುಮ್ಮನೆ ಅನುಭವಕ್ಕೆ’ ಕೂರಿಸುವುದು ಬೇಡ.

ಬ್ಯಾಂಕು? ಹುಂಡಿ 500 ಮುಟ್ಟಲಿ. ಅಂಚೆ ಕಚೇರಿಯ ಉಳಿತಾಯ ಖಾತೆಗೆ ಬೇಕಾದ ಕನಿಷ್ಠ ಮೊತ್ತ ಅದು. 10 ವರ್ಷ ತುಂಬಿದ ಮಗು ಅಲ್ಲಿ ತನ್ನ ಹೆಸರಿನಲ್ಲೇ ಖಾತೆ ತೆರೆಯಬಹುದು. ರಿಸರ್ವ್ ಬ್ಯಾಂಕಿನ 2025ರ ಸೂಚನೆಯಂತೆ 10 ತುಂಬಿದವರು ಬ್ಯಾಂಕಿನ ಉಳಿತಾಯ ಖಾತೆಯನ್ನೂ ತಾವೇ ನಡೆಸಬಹುದು, ಮಿತಿ ಮತ್ತು ಷರತ್ತು ಆಯಾ ಬ್ಯಾಂಕಿನದು. ಚಲನ್ ಅವಳೇ ತುಂಬಲಿ, ಸಾಲಿನಲ್ಲಿ ಅವಳೇ ನಿಲ್ಲಲಿ. ಪಾಸ್‌ಬುಕ್ ಅವಳ ಸ್ಕೂಲ್ ಬ್ಯಾಗಿನಲ್ಲಿ ಬೇಡ, ಬೀರುವಿನಲ್ಲಿರಲಿ.