ಬಾಗಿಲು ಅವನದೇ ಆಗಿದ್ದರೆ ಒಳಗೆ ಬಿಡಲಿಲ್ಲ ಯಾಕೆ?

ಪ್ರಶ್ನೆ: ಜರ್ಮನ್ ಭಾಷೆಯ ಲೇಖಕ ಕಾಫ್ಕಾನ ‘ಕಾನೂನಿನ ಮುಂದೆ’ ಕಥೆ ಓದಿದೆ. ಆ ಬಾಗಿಲು ಹಳ್ಳಿಯವನೊಬ್ಬನಿಗಾಗಿಯೇ ಇದ್ದದ್ದು ಅಂದಮೇಲೆ ಕಾವಲುಗಾರ ಅವನನ್ನು ಒಳಗೆ ಬಿಡಲಿಲ್ಲ ಯಾಕೆ? ತಪ್ಪು ಯಾರದು?
– ಡೊಂಬಿವಲಿಯ ಓದುಗರು

ಕಥೆ ಇಷ್ಟೇ: ಹಳ್ಳಿಯವನೊಬ್ಬ ಕಾನೂನಿನೊಳಗೆ ಹೋಗಬೇಕೆಂದು ಬರುತ್ತಾನೆ, ಬಾಗಿಲ ಕಾವಲುಗಾರ ‘ಈಗ ಆಗಲ್ಲ’ ಅನ್ನುತ್ತಾನೆ, ಅವನು ಕಾಯುತ್ತಾ ಅಲ್ಲೇ ಕೂರುತ್ತಾನೆ. ಮುಂಬಯಿಯ ನಮ್ಮವರು ಈ ಕಥೆ ಓದಿದರೆ ಮೊದಲು ಕೇಳುವುದೇ ಇದನ್ನು. ಊರಿಂದ ಬಂದು ರೇಷನ್ ಕಾರ್ಡಿಗೆ, ಡೊಮಿಸೈಲ್ ಸರ್ಟಿಫಿಕೇಟಿಗೆ ಅಲೆದವರಿಗೆ ‘ಈಗ ಆಗಲ್ಲ’ ಅನ್ನುವ ಮಾತು ಹೊಸದಲ್ಲ. ಹಾಗಾಗಿ ಇದು ಲಂಚದ ಕಚೇರಿಯ ಕಥೆ ಅನ್ನಿಸುತ್ತದೆ. ಆ ಓದು ಸುಳ್ಳೇನಲ್ಲ. ಕಾಫ್ಕಾ ಕಾನೂನು ಓದಿದವನು. 1908ರಿಂದ 1922ರವರೆಗೆ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ದುಡಿದವನು.

ಆದರೆ ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬಾಗಿಲು ತೆರೆದೇ ಇದೆ. ಕಾವಲುಗಾರ ಪಕ್ಕಕ್ಕೆ ಸರಿದು ನಿಂತಿದ್ದಾನೆ. ಅಷ್ಟು ಆಸೆಯಿದ್ದರೆ ನಾನು ಬೇಡ ಅಂದರೂ ಹೋಗಿ ನೋಡು ಅನ್ನುತ್ತಾನೆ, ಒಳಗೆ ನನಗಿಂತ ಬಲವಾದ ಕಾವಲುಗಾರರಿದ್ದಾರೆ ಅಂತ ಹೆದರಿಸುತ್ತಾನೆ ಕೂಡ. ಹಳ್ಳಿಯವನು ಅವನ ತುಪ್ಪಳದ ಕೋಟು, ಚೂಪು ಮೂಗು, ಕಪ್ಪು ಗಡ್ಡ ನೋಡಿ, ಕಾಯುವುದೇ ವಾಸಿ ಅಂದುಕೊಳ್ಳುತ್ತಾನೆ. ಕೂರಲು ಸ್ಟೂಲು ಸಿಗುತ್ತದೆ. ವರ್ಷಗಳು ಹೋಗುತ್ತವೆ. ತಂದದ್ದನ್ನೆಲ್ಲ ಲಂಚ ಕೊಡುತ್ತಾನೆ. ಇನ್ನೇನೋ ಮಾಡಬಹುದಿತ್ತು ಅಂತ ನಿನಗೆ ಅನ್ನಿಸಬಾರದಲ್ಲ, ಅದಕ್ಕೇ ತೆಗೆದುಕೊಳ್ಳುತ್ತಿದ್ದೇನೆ ಅನ್ನುತ್ತಾನೆ ಕಾವಲುಗಾರ. ಎಂಥ ಕ್ರೂರ ಮಾತು!

ಕೊನೆಗೆ ಹಳ್ಳಿಯವನಿಗೆ ಕಾವಲುಗಾರನ ಕಾಲರಿನ ಚಿಗಟಗಳ ಪರಿಚಯವೂ ಆಗಿಬಿಡುತ್ತದೆ. ನೀವಾದರೂ ಇವನಿಗೆ ಹೇಳಿ ಅಂತ ಚಿಗಟಗಳನ್ನೇ ಬೇಡಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಕಥೆ ಬಿಚ್ಚಿಕೊಳ್ಳುವುದು ಇಲ್ಲೇ. ಕಾನೂನನ್ನು ನೋಡಲು ಬಂದವನು ಒಬ್ಬನ ಕಾಲರು ನೋಡುತ್ತಾ ಮುದುಕನಾದ. ಒಳಗಿನ ಕಾವಲುಗಾರರೆಲ್ಲ ಮರೆತೇಹೋದರು. ಬೇರೆ ಯಾರೂ ಯಾಕೆ ಇಲ್ಲಿಗೆ ಬರಲಿಲ್ಲ ಅನ್ನುವ ಪ್ರಶ್ನೆ ಅವನಿಗೆ ಹೊಳೆದದ್ದು ಸಾಯುವ ಹೊತ್ತಿಗೆ. ಈ ಬಾಗಿಲು ನಿನಗೊಬ್ಬನಿಗೇ ಇದ್ದದ್ದು, ಈಗ ಮುಚ್ಚುತ್ತೇನೆ ಅಂತ ಕಾವಲುಗಾರ ಹೇಳುವುದೂ ಆಗಲೇ. ತನ್ನದೇ ಬಾಗಿಲಿಗೆ ಇನ್ನೊಬ್ಬನ ಒಪ್ಪಿಗೆ ಕಾದನಲ್ಲ, ಅದು ನನಗೆ ತುಂಬ ಸಂಕಟ ಕೊಡುತ್ತದೆ.

ಹಾಗಂತ ‘ಧೈರ್ಯ ಮಾಡಿ ನುಗ್ಗಬೇಕಿತ್ತು’ ಅಂದರೂ ಅದು ಪೂರ್ತಿ ಉತ್ತರವಲ್ಲ. ನುಗ್ಗಿದ್ದರೆ ಗುರಿ ಮುಟ್ಟುತ್ತಿದ್ದನೋ ಇಲ್ಲವೋ, ಕಥೆ ಹೇಳುವುದಿಲ್ಲ.

1915ರಲ್ಲಿ ಅಚ್ಚಾದ ಈ ಪುಟ್ಟ ಕಥೆ, ಕಾಫ್ಕಾ ತೀರಿಕೊಂಡ ಮೇಲೆ 1925ರಲ್ಲಿ ಬಂದ ‘ದಿ ಟ್ರಯಲ್’ ಕಾದಂಬರಿಯಲ್ಲೂ ಇದೆ. ಅಲ್ಲಿ ಚರ್ಚಿನೊಳಗೆ ಪಾದ್ರಿಯೊಬ್ಬ ಇದನ್ನು ನಾಯಕನಿಗೆ ಹೇಳುತ್ತಾನೆ. ಕಾವಲುಗಾರ ಮೋಸ ಮಾಡಿದ ಅಂತ ನಾಯಕ ನಿಮ್ಮ ಹಾಗೆಯೇ ಸಿಟ್ಟಾಗುತ್ತಾನೆ. ಪಾದ್ರಿ ಒಪ್ಪುವುದಿಲ್ಲ. ಮೋಸಹೋದವನು ಕಾವಲುಗಾರನೇ ಇರಬಹುದಲ್ವಾ ಅನ್ನುವ ವಾದವನ್ನೂ ಮುಂದಿಡುತ್ತಾನೆ. ಹಳ್ಳಿಯವನು ತಾನಾಗಿ ಬಂದವನು, ಬೇಕಾದರೆ ಎದ್ದು ಹೋಗಬಹುದಿತ್ತು. ಕಾವಲುಗಾರನಿಗೆ ಆ ಜಾಗ ಬಿಡುವ ಹಾಗಿಲ್ಲ. ಆ ಅಧ್ಯಾಯ ಓದಿ. ಆಮೇಲೆ ನಿಮಗೆ ಯಾರ ಮೇಲೆ ಸಿಟ್ಟು ಉಳಿಯಿತು ಅಂತ ಬರೆಯಿರಿ.