ಖುಕ್ರಿಯ ಕೊನೆಯ ರಾತ್ರಿ ಮತ್ತು ನೀರೊಳಗಿನ ಸದ್ದು

1971ರ ಡಿಸೆಂಬರ್ 9ರ ರಾತ್ರಿ, ಒಂಬತ್ತಕ್ಕೆ ಸ್ವಲ್ಪ ಮುಂಚೆ, ದೀವ್ ಕರಾವಳಿಯಾಚೆ ಐಎನ್‌ಎಸ್ ಖುಕ್ರಿ ಎಂಬ ಯುದ್ಧನೌಕೆಗೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹಾರಿಸಿದ, ನೀರೊಳಗೇ ಸಾಗಿ ಸಿಡಿಯುವ ಟಾರ್ಪಿಡೊ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಮುಳುಗಿದ ಹಡಗಿನೊಂದಿಗೆ 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ತೆತ್ತರು. 1926ರಲ್ಲಿ ಗೋರಖಪುರದಲ್ಲಿ ಹುಟ್ಟಿ, 1948ರಲ್ಲಿ ನೌಕಾಪಡೆಯ ಅಧಿಕಾರಿಯಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅದರ ನಾಯಕರಾಗಿದ್ದರು. ಅವರ ಧೀರ ಮರಣವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅವರು ಕೈಗೆತ್ತಿಕೊಂಡಿದ್ದ, ಜಲಾಂತರ್ಗಾಮಿಯನ್ನು ಬೇಟೆಯಾಡುವ ಕೆಲಸ ಎಷ್ಟು ಕಠಿಣವಾಗಿತ್ತೆಂಬುದು ಅರ್ಥವಾಗಬೇಕಾದರೆ ಸಮುದ್ರದಲ್ಲಿ ಸದ್ದು ಸಾಗುವ ಬಗೆಯನ್ನು ತಿಳಿಯಬೇಕು.

ನೀರಿನಲ್ಲಿ ಬೆಳಕು ದೂರ ಹೋಗದು. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಬಹುದೂರ ಸಾಗುತ್ತದೆ. ಆದ್ದರಿಂದಲೇ ಹಡಗಿನ ಸೋನಾರ್ ಒಂದು ಸದ್ದನ್ನು ಹೊರಡಿಸಿ, ಜಲಾಂತರ್ಗಾಮಿಗೆ ತಾಕಿ ಮರಳುವ ಪ್ರತಿಧ್ವನಿಗಾಗಿ ಕಿವಿಗೊಟ್ಟು ಕಾಯುತ್ತದೆ. ತೊಡಕಿರುವುದು ಇಲ್ಲಿಯೇ. ಆ ಸದ್ದು ಜಲಾಂತರ್ಗಾಮಿಯನ್ನು ಮುಟ್ಟಲು ಒಮ್ಮೆ ಸಾಗಿದರೆ ಸಾಕು, ಹಡಗಿಗೆ ಸುಳಿವು ಸಿಗಬೇಕಾದರೆ ಹೋಗಿ ಮರಳಬೇಕು. ಎಲ್ಲ ದಿಕ್ಕಿಗೂ ಸಮವಾಗಿ ಹರಡುವ ಸದ್ದಿನ ಲೆಕ್ಕದಲ್ಲಿ, ದೂರ ಇಮ್ಮಡಿಯಾದರೆ ಹೋಗುವ ಸದ್ದಿನ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಮರಳುವ ಪ್ರತಿಧ್ವನಿಯದು ಹದಿನಾರನೆಯ ಒಂದು ಪಾಲಿಗೆ. ಹೀಗಾಗಿ ಬೇಟೆಗಾರನ ಸದ್ದು ಬೇಟೆಗೆ ಬಹಳ ಮೊದಲೇ ಕೇಳಿಸಿರುತ್ತದೆ. ಸಾಲದೆಂಬಂತೆ, ಮೇಲಿನ ಬೆಚ್ಚಗಿನ ನೀರಿಗೂ ಕೆಳಗಿನ ತಣ್ಣೀರಿಗೂ ನಡುವಿನ ಗಡಿಯಲ್ಲಿ ಸದ್ದಿನ ಹಾದಿ ಬಾಗುವುದರಿಂದ, ಸೋನಾರ್ ತಲುಪಲಾಗದ ನೆರಳಿನಂಥ ಜಾಗಗಳೂ ಸಮುದ್ರದಲ್ಲಿ ಉಂಟಾಗುತ್ತವೆ.

ಹಂಗೋರ್‌ನ ಸೋನಾರ್ ಖುಕ್ರಿಯದಕ್ಕಿಂತ ಹೆಚ್ಚು ದೂರ ಆಲಿಸಬಲ್ಲದಾಗಿತ್ತು. ತಮ್ಮ ಸೋನಾರಿನ ವ್ಯಾಪ್ತಿಯನ್ನು ಹಿಗ್ಗಿಸಬಲ್ಲ ಹೊಸ ಉಪಕರಣವೊಂದನ್ನು ಖುಕ್ರಿಯವರು ಆ ದಿನಗಳಲ್ಲಿ ಪರೀಕ್ಷಿಸುತ್ತಿದ್ದರು, ಅದಕ್ಕಾಗಿ ಹಡಗು ನಿಧಾನವಾಗಿ ಚಲಿಸಬೇಕಾಗಿತ್ತು. ವೇಗ ಹೆಚ್ಚಿದಷ್ಟೂ ಹಡಗಿನದೇ ಗದ್ದಲ ಪ್ರತಿಧ್ವನಿಯನ್ನು ಮುಳುಗಿಸುತ್ತದೆ, ನಿಜ. ಆದರೆ ನಿಧಾನವಾಗಿ ಸಾಗುವ ಹಡಗು ಟಾರ್ಪಿಡೊಗೆ ಸುಲಭದ ಗುರಿ. ಸೋನಾರಿನ ವ್ಯಾಪ್ತಿಯ ಕೊರತೆಯನ್ನು ನೀಗಲು ಹೊರಟವರ ಪ್ರಯತ್ನವೇ ಅಪಾಯವನ್ನು ಹೆಚ್ಚಿಸಿತೆಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ.

ಹಡಗು ವಾಲತೊಡಗಿದಾಗ ಮುಲ್ಲಾ ಸಾಧ್ಯವಾದಷ್ಟು ಜನರನ್ನು ನೀರಿಗಿಳಿಯಲು ಕಳಿಸಿದರು, ತಮ್ಮ ಜೀವರಕ್ಷಕ ಜಾಕೆಟ್ಟನ್ನೂ ನಾವಿಕನೊಬ್ಬನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ನೋಡಲು ಅವರು ಹಡಗನ್ನು ನಡೆಸುವ ಮೇಲಿನ ಕಟ್ಟೆಯಾದ ಬ್ರಿಜ್‌ಗೆ ಮರಳಿದರು. ಬದುಕುಳಿದವರು ಅವರನ್ನು ಕೊನೆಯ ಬಾರಿಗೆ ಕಂಡದ್ದು ಅಲ್ಲಿಯೇ, ಮುಳುಗುತ್ತಿದ್ದ ಹಡಗಿನ ಮೇಲೆ.