ಆಟ ಬಸ್ಸಿಳಿಯುವ ಮೊದಲೇ ಶುರುವಾದ ಜಗಳ

70 ಜಿಬಿ. 'ಸೈಬರ್‌ಪಂಕ್ 2077' ಆಟ ಹಾಕಿಕೊಳ್ಳಲು ಕಂಪ್ಯೂಟರಿನಲ್ಲಿ ಅಷ್ಟು ಜಾಗ ಖಾಲಿ ಇರಬೇಕು ಎಂದು 2020ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ಹೇಳಿತ್ತು. ಕೊಡಗಿನ ಮಾದಾಪುರದಿಂದ ಒಳಗಿರುವ ನಮ್ಮ ಮನೆಯಲ್ಲಿ ಆಗ ಇದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕು. ಬೇರೇನನ್ನೂ ನೋಡದೆ ಬರೀ ಆಟವನ್ನೇ ಇಳಿಸಿಕೊಳ್ಳುತ್ತಾ ಕೂತರೂ 47 ದಿನ ಬೇಕು. ಅದೂ ನೆಟ್‌ವರ್ಕ್ ಇದ್ದರೆ. ನಮ್ಮಲ್ಲಿ ಎರಡು ಕಡ್ಡಿ ಕಾಣಿಸಬೇಕಾದರೆ ಮನೆಯ ಮೇಲುಗಡೆ ನೀರಿನ ಟ್ಯಾಂಕಿನ ತನಕ ಹತ್ತಿ ಹೋಗಬೇಕು.

ಹಾಗಾಗಿ ಡಿಸೆಂಬರ್ 8ರ ಬೆಳಿಗ್ಗೆ ನಾನು ಬೆಂಗಳೂರಿಗೆ ಹೊರಟಾಗ ಚಿಕ್ಕಪ್ಪನ ಮಗ ಕೈಗೊಂದು ಹಾರ್ಡ್ ಡಿಸ್ಕ್ ಕೊಟ್ಟ. ಆಟಕ್ಕೆ ದುಡ್ಡು ಅವನೇ ಮುಂಚಿತವಾಗಿ ಕಟ್ಟಿದ್ದ. 10ಕ್ಕೆ ಬಿಡುಗಡೆಯಾದ ಕೂಡಲೇ ನನ್ನ ರೂಮಿನಲ್ಲಿ ಅವನ ಖಾತೆಯಿಂದ ಇಳಿಸಿಕೊಂಡು, ಮಡಿಕೇರಿ ಬಸ್ಸಿನಲ್ಲಿ ಊರಿಗೆ ತರುವುದು ನನ್ನ ಕೆಲಸ. ಆದರೆ 11ರಿಂದ ಸಾರಿಗೆ ನೌಕರರ ಮುಷ್ಕರ ಶುರುವಾಗಿ ನಾಲ್ಕು ದಿನ ಬಸ್ಸೇ ಇರಲಿಲ್ಲ. ಆಟ ನಮ್ಮ ಅಂಗಳ ತಲುಪಿದ್ದು 16ಕ್ಕೆ.

ಜಗಳ ಮಾತ್ರ ನಾನು ಹೊರಟ ಬೆಳಿಗ್ಗೆಯೇ ಬಂದುಬಿಟ್ಟಿತ್ತು. ಅರೇಬಿಕಾ ಕೊಯ್ಲಿನ ದಿನಗಳು. ಕಣದಲ್ಲಿ ಹಿಂದಿನ ದಿನದ ಹಣ್ಣು ಹರಡುತ್ತಿದ್ದವನು ಕೆಲಸ ಅಲ್ಲಿಗೇ ಬಿಟ್ಟು ಟ್ಯಾಂಕಿನ ಹತ್ತಿರ ಓಡಿದ್ದ. ಹಿಂದಿನ ರಾತ್ರಿ ವಿಮರ್ಶೆಗಳು ಬಂದಿದ್ದವು. ಹೆಚ್ಚಿನವರು ಹತ್ತಕ್ಕೆ ಒಂಬತ್ತು, ಹತ್ತು ಕೊಟ್ಟಿದ್ದರು. ಗೇಮ್‌ಸ್ಪಾಟ್ ಎಂಬ ಜಾಲತಾಣದ ವಿಮರ್ಶಕಿ ಮಾತ್ರ ಏಳು ಕೊಟ್ಟಿದ್ದರು.

"ಅಣ್ಣಾ, ಏಳಂತೆ! ಇವಳಿಗೆ ಆಟ ಆಡೋಕೆ ಬರುತ್ತಾ?"

"ನೀನು ಆಡಿದ್ದೀಯೇನೋ?"

"ನಾನು ಯಾಕೆ ಆಡಬೇಕು? ಆ ಕಂಪನಿಯವರು ಎಂಥವರು ಅಂತ ನಂಗೊತ್ತು."

ಅಂದು ಆ ವಿಮರ್ಶಕಿಯ ಮೇಲೆ ಬೈಗುಳ ಸುರಿಸಿದವರ ಸಾಲಿನಲ್ಲಿ ನಮ್ಮ ಹುಡುಗನೂ ಇದ್ದ. ಆಟದ ಬಿಡುಗಡೆಗೆ ಇನ್ನೂ ಎರಡು ದಿನ ಬಾಕಿ. ಬೈಯುತ್ತಿದ್ದ ಆ ಜನರಲ್ಲಿ ಹೆಚ್ಚುಕಡಿಮೆ ಯಾರೊಬ್ಬರೂ ಅದನ್ನು ಆಡಿರಲು ಸಾಧ್ಯವೇ ಇರಲಿಲ್ಲ. ಈ ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಮೈಮುರಿದು ದುಡಿಯುವ, ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸದ ಹುಡುಗ ಅವನು. ಎಲ್ಲೋ ದೂರದ ವಾರ್ಸಾದ ಕಂಪನಿಯೊಂದಕ್ಕಾಗಿ, ಗುರುತು ಪರಿಚಯ ಇಲ್ಲದ ಹೆಣ್ಣುಮಗಳೊಬ್ಬಳನ್ನು ಬೈಯುವ ಮಟ್ಟಕ್ಕೆ ಹೇಗೆ ಬಂದ?

ಇದರ ಬೇರು ಹಳೆಯದು. ಜಪಾನಿನ ಕ್ಯೋಟೊದಲ್ಲಿ 1889ರಲ್ಲಿ ಇಸ್ಪೀಟಿನಂಥ ಹನಾಫುಡಾ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ ನಿಂಟೆಂಡೊ, 1970ರ ದಶಕದ ಕೊನೆಯಲ್ಲಿ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು ಮಾರತೊಡಗಿತು. ಆಟ ಮಾರಿದರಷ್ಟೇ ಸಾಲದು, ಆಡುವವರು ತನ್ನವರಾಗಬೇಕು ಎಂಬುದು ಅದಕ್ಕೆ ಬೇಗ ಹೊಳೆಯಿತು. ಅಮೆರಿಕದಲ್ಲಿ ಮಕ್ಕಳಿಗಾಗಿ ಕ್ಲಬ್ ನಡೆಸಿತು, 1988ರಲ್ಲಿ 'ನಿಂಟೆಂಡೊ ಪವರ್' ಎಂಬ ಸ್ವಂತ ಪತ್ರಿಕೆಯನ್ನೇ ಹೊರತಂದಿತು. ಮಕ್ಕಳು ಓದುತ್ತಿದ್ದ ಆಟದ ಪತ್ರಿಕೆ ಆಟ ಮಾರುವವರದ್ದೇ ಆಗಿತ್ತು. ಅದರ ಎದುರಿಗೆ ನಿಂತ ಸೆಗಾ, ನಿಂಟೆಂಡೊದ ಕೈಲಿ ಆಗದ್ದು ನಮ್ಮ ಜೆನೆಸಿಸ್ ಪೆಟ್ಟಿಗೆಯ ಕೈಲಿ ಆಗುತ್ತದೆ ಎಂದು ಹೆಸರು ಹಿಡಿದೇ ಜಾಹೀರಾತು ಕೊಟ್ಟಿತು. ಮನೆಗೆ ಒಂದೇ ಪೆಟ್ಟಿಗೆ ಕೊಳ್ಳಲು ಆಗುತ್ತಿದ್ದ ಕಾಲ. ಅಪ್ಪ ಕೊಡಿಸಿದ ಪೆಟ್ಟಿಗೆಯೇ ಶ್ರೇಷ್ಠ ಎಂದು ಶಾಲೆಯಲ್ಲಿ ವಾದಿಸದೆ ಆ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ.

ಕೊಡಗಿನಲ್ಲಿ ಬೆಳೆದ ನಮಗೆ ಈ ಕದನದ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದು ನಕಲಿ ಪೆಟ್ಟಿಗೆಗಳು, ನಾವು 'ಟಿವಿ ಗೇಮ್' ಎಂದು ಕರೆಯುತ್ತಿದ್ದವು. ಮೈಸೂರಿಗೆ ಹೋದವರು ತರುತ್ತಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ, ಮತ್ತೆ ಅವೇ ಬೇರೆ ಬೇರೆ ಹೆಸರಿನಲ್ಲಿ. ಮಳೆಗಾಲದ ತೇವಕ್ಕೆ ಕ್ಯಾಸೆಟ್ ಹಿಡಿಯದಿದ್ದರೆ ಬಾಯಿಂದ ಊದಿ, ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕುವುದು. ಮಾರಿಯೊ ಯಾವ ಕಂಪನಿಯ ಕೂಸು ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ಪ್ರೀತಿ ಇತ್ತು, ಅದೆಲ್ಲ ಆಟದ ಮೇಲೇ ಇತ್ತು.

ಕಂಪನಿಯ ಹೆಸರು ನಮ್ಮ ಬಾಯಿಗೆ ಬಂದದ್ದು ಇಂಟರ್‌ನೆಟ್ಟಿನ ಜೊತೆ. ವಾಲ್ವ್ ಕಂಪನಿ 2003ರಲ್ಲಿ ಇಂಟರ್‌ನೆಟ್ ಮೂಲಕ ಆಟ ಇಳಿಸಿಕೊಳ್ಳುವ ಸ್ಟೀಮ್ ಎಂಬ ವ್ಯವಸ್ಥೆ ತಂದು, ಮರುವರ್ಷ 'ಹಾಫ್-ಲೈಫ್ 2' ಆಡಬೇಕಾದರೆ ಅದರ ಮೂಲಕವೇ ಬರಬೇಕು ಎಂದಾಗ ಆಟಗಾರರು ಕೆಂಡವಾಗಿದ್ದರು. ಡಿಸ್ಕ್ ಕೊಂಡ ಮೇಲೂ ಇನ್ನೊಬ್ಬರ ಅಪ್ಪಣೆ ಯಾಕೆ ಎಂಬುದು ಅವರ ತಕರಾರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಗಾಳಿ ಪೂರ್ತಿ ತಿರುಗಿತ್ತು. 2018ರ ಡಿಸೆಂಬರಿನಲ್ಲಿ ಎಪಿಕ್ ಕಂಪನಿ ತನ್ನದೇ ಅಂಗಡಿ ತೆರೆದು, ಆಟ ಮಾರಿದ ಹಣದಲ್ಲಿ ಸ್ಟೀಮ್ ಮಾಮೂಲಾಗಿ ಹಿಡಿಯುತ್ತಿದ್ದ ಶೇ 30ರ ಬದಲು ಶೇ 12 ಮಾತ್ರ ಸಾಕು ಎಂದಾಗ, ಸ್ಟೀಮ್ ಪರ ಎದ್ದು ನಿಂತವರು ಅದೇ ಆಟಗಾರರ ಬಳಗ. 2019ರಲ್ಲಿ 'ಊಬ್ಲೆಟ್ಸ್' ಎಂಬ ಪುಟ್ಟ ಆಟ ಮಾಡುತ್ತಿದ್ದ ದಂಪತಿ ಎಪಿಕ್ ಕಡೆ ಹೋಗುತ್ತೇವೆಂದದ್ದಕ್ಕೆ ಅವರಿಗೆ ಬೆದರಿಕೆಗಳು ಬಂದವು. ಸಾವಿರಾರು ಕೋಟಿಯ ಎರಡು ಕಂಪನಿಗಳ ಪೈಪೋಟಿಯಲ್ಲಿ ಏಟು ಬಿದ್ದದ್ದು ಇಬ್ಬರೇ ಕೂತು ಆಟ ಕಟ್ಟುತ್ತಿದ್ದ ಒಂದು ಮನೆಗೆ.

ಆದರೂ ಸಿಡಿ ಪ್ರಾಜೆಕ್ಟ್ ಸಂಪಾದಿಸಿದ ಪ್ರೀತಿ ಬರೀ ಜಾಹೀರಾತಿನಿಂದ ಬಂದದ್ದಲ್ಲ ಎಂದು ನಾನು ಒಪ್ಪಲೇಬೇಕು. 1994ರಲ್ಲಿ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ ಎಂಬ ಇಬ್ಬರು ಶಾಲಾ ಗೆಳೆಯರು ಶುರು ಮಾಡಿದ ಕಂಪನಿ ಇದು. ಆಗ ಪೋಲೆಂಡಿನ ಸಂತೆಗಳಲ್ಲಿ ನಕಲಿ ಡಿಸ್ಕುಗಳದ್ದೇ ರಾಜ್ಯ, ನಮ್ಮ ಪೇಟೆಗಳಲ್ಲಿ ಇದ್ದ ಹಾಗೆಯೇ. ನಕಲಿಯವರನ್ನು ಹಿಡಿದು ದಂಡಿಸುವ ಗೋಜಿಗೆ ಹೋಗದೆ, ಇವರು ವಿದೇಶಿ ಆಟಗಳನ್ನು ಪೋಲಿಷ್ ಭಾಷೆಗೆ ತಂದು, ಡಬ್ಬಿಯಲ್ಲಿ ನಕ್ಷೆ, ಹಾಡಿನ ಡಿಸ್ಕ್ ಎಲ್ಲ ಇಟ್ಟು, ಅಸಲಿಯನ್ನೇ ಕೊಳ್ಳುವ ಆಸೆ ಹುಟ್ಟಿಸಿದರು. 2007ರಲ್ಲಿ ತಮ್ಮದೇ ಆಟ 'ದಿ ವಿಚರ್' ತಂದರು, ಮರುವರ್ಷ ಅದನ್ನು ತಿದ್ದಿ ತೀಡಿ ಮೊದಲೇ ಕೊಂಡವರಿಗೆ ಪುಕ್ಕಟೆ ಕೊಟ್ಟರು. 2015ರ 'ವಿಚರ್ 3' ಬಂದಾಗ 16 ಸಣ್ಣ ಸೇರ್ಪಡೆಗಳನ್ನು ಉಚಿತವಾಗಿ ಕೊಟ್ಟರು. ಕುದುರೆಯ ಜೀನಿಗೂ ಬೇರೆ ದುಡ್ಡು ಕೇಳುವ ಚಾಳಿ ಉದ್ಯಮದಲ್ಲಿ ಬೆಳೆಯುತ್ತಿದ್ದ ಹೊತ್ತಿನಲ್ಲಿ ಇದು ದೊಡ್ಡ ಮಾತು.

ಇನ್ನೊಂದು ಕಾರಣ ನಮ್ಮೂರಿಗೇ ಹೇಳಿ ಮಾಡಿಸಿದ್ದು. 2008ರಲ್ಲಿ ಅವರು ಜಿಒಜಿ ಎಂಬ ಅಂಗಡಿ ತೆರೆದರು. ಅಲ್ಲಿ ಕೊಂಡ ಆಟಕ್ಕೆ ಡಿಆರ್‌ಎಂ ಎಂಬ ಡಿಜಿಟಲ್ ಬೀಗ ಇಲ್ಲ. ಒಮ್ಮೆ ಫೈಲ್ ಇಳಿಸಿಟ್ಟುಕೊಂಡರೆ ಮುಗಿಯಿತು, ಆಮೇಲೆ ಇಂಟರ್‌ನೆಟ್ ಬೇಡ, ಯಾರ ಅಪ್ಪಣೆಯೂ ಬೇಡ. ಬೆಂಗಳೂರಿನವರಿಗೆ ಇದು ತತ್ವದ ವಿಷಯ ಇರಬಹುದು. ಜಡಿಮಳೆಯ ಕಕ್ಕಡ ತಿಂಗಳಿನಲ್ಲಿ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಟವರಿನ ಬ್ಯಾಟರಿಯೂ ಸತ್ತು, ಫೋನು ಬರೀ ಟಾರ್ಚ್ ಆಗುವ ನಮ್ಮಂಥ ಊರಿನಲ್ಲಿ ಅದು ಸಂಜೆ ಕಳೆಯುವ ಪ್ರಶ್ನೆ. ಗುಡುಗಿಗೆ ನಮ್ಮ ಮನೆಯಲ್ಲಿ ಎರಡು ಮೋಡೆಮ್ ಸುಟ್ಟುಹೋಗಿವೆ. ಇನ್ವರ್ಟರಿನ ಕೊನೆಯ ಗಂಟೆಯಲ್ಲಿ, ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ, ನೆಟ್ ಕೇಳದೆ ತೆರೆದುಕೊಂಡ ಆಟ 'ವಿಚರ್ 3' ಒಂದೇ. ನನ್ನ ತಮ್ಮನ ಅಭಿಮಾನ ಹುಟ್ಟಿದ್ದು ಅಲ್ಲಿ. ಅದನ್ನು ಹುಚ್ಚು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಥ ಕಂಪನಿ 2012ರಲ್ಲಿ 'ಸೈಬರ್‌ಪಂಕ್' ಘೋಷಿಸಿತು. ಎಂಟು ವರ್ಷ ಕಾಯಿಸಿತು. 2020ರ ಏಪ್ರಿಲ್‌ಗೆ ಎಂದದ್ದು ಸೆಪ್ಟೆಂಬರ್, ಆಮೇಲೆ ನವೆಂಬರ್, ಕೊನೆಗೆ ಡಿಸೆಂಬರ್ 10 ಆಯಿತು. ಸಿಬ್ಬಂದಿಯನ್ನು ಕಡ್ಡಾಯವಾಗಿ ಹೆಚ್ಚು ದುಡಿಸುವುದಿಲ್ಲ ಎಂದು 2019ರಲ್ಲಿ ಮಾತು ಕೊಟ್ಟಿದ್ದ ಆಡಳಿತವೇ ಕೊನೆಯ ತಿಂಗಳುಗಳಲ್ಲಿ ವಾರಕ್ಕೆ ಆರು ದಿನದ ಕೆಲಸ ಹೇರಿತು. ಅಕ್ಟೋಬರಿನಲ್ಲಿ ದಿನಾಂಕ ಮುಂದಕ್ಕೆ ಹೋದಾಗ, ಹಗಲೂ ರಾತ್ರಿ ದುಡಿಯುತ್ತಿದ್ದ ಅದೇ ಸಿಬ್ಬಂದಿಗೆ ಕೊಲೆ ಬೆದರಿಕೆಗಳು ಹೋದವು. ಕಳಿಸಿದವರು ಕಂಪನಿಯ ವೈರಿಗಳಲ್ಲ, ಆಟಕ್ಕಾಗಿ ಹಾತೊರೆಯುತ್ತಿದ್ದವರು.

ವಿಮರ್ಶಕರಿಗೆ ಬಿಡುಗಡೆಗೆ ಮುಂಚೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಪೆಟ್ಟಿಗೆಗಳಲ್ಲಿ ಆಟ ಹೇಗೆ ಓಡುತ್ತದೆ ಎಂದು ಯಾರಿಗೂ ತೋರಿಸಿರಲಿಲ್ಲ. ವಿಡಿಯೊ ವಿಮರ್ಶೆಯಲ್ಲಿ ಕಂಪನಿಯೇ ಕೊಟ್ಟ ದೃಶ್ಯಗಳನ್ನು ಬಳಸಬೇಕಿತ್ತು. ಗೇಮ್ ಇನ್ಫಾರ್ಮರ್ ಪತ್ರಿಕೆಯ ಬರಹಗಾರ್ತಿಯೊಬ್ಬರು, ಆಟದ ಒಂದು ದೃಶ್ಯದ ಮಿನುಗು ಬೆಳಕಿನಿಂದ ತಮಗೆ ಅಪಸ್ಮಾರದ ಸೆಳೆತ ಬಂತು, ಅಂಥ ತೊಂದರೆ ಇರುವವರು ಜೋಪಾನ ಎಂದು ಬರೆದರು. ಅದಕ್ಕೆ ಕೆಲವರು ಏನು ಮಾಡಿದರು ಗೊತ್ತೆ? ಸೆಳೆತ ಬರಿಸುವಂಥ ಮಿನುಗುವ ವಿಡಿಯೊಗಳನ್ನೇ ಅವರಿಗೆ ಕಳಿಸಿದರು. ಕಂಪನಿ ಮಾತ್ರ ಆಕೆ ಹೇಳಿದ್ದು ಸರಿ ಎಂದು ಒಪ್ಪಿ, ಎಚ್ಚರಿಕೆ ಹಾಕಿ, ಕೆಲವೇ ದಿನಗಳಲ್ಲಿ ಆ ಬೆಳಕನ್ನು ತಗ್ಗಿಸಿತು. ಯಾವ ಕಂಪನಿಯ ಮಾನ ಕಾಯಲು ಇವರು ಹೊರಟಿದ್ದರೋ, ಆ ಕಂಪನಿಯೇ ಇವರ ಜೊತೆ ಇರಲಿಲ್ಲ.

ಡಿಸೆಂಬರ್ 16ರ ಸಂಜೆ ನಮ್ಮ ಮನೆಯಲ್ಲಿ ಆಟ ತೆರೆದಾಗ ಚೆನ್ನಾಗೇ ಓಡಿತು. ತಮ್ಮನ ಕಂಪ್ಯೂಟರ್ ಹೊಸದು. "ನೋಡಣ್ಣಾ, ಎಲ್ಲಿದೆ ತೊಂದರೆ?" ಎಂದು ಕೇಳಿದ. ಅವನ ಮಟ್ಟಿಗೆ ಅದು ಸುಳ್ಳಲ್ಲ. ತನ್ನ ಕಣದಲ್ಲಿ ಬಿಸಿಲು ಇದ್ದವನಿಗೆ ಪಕ್ಕದೂರಿನ ಮಳೆ ಕಾಣುವುದಿಲ್ಲ. ಆದರೆ ಅಷ್ಟರಲ್ಲಿ ಕಂಪನಿ ಹಳೆಯ ಪೆಟ್ಟಿಗೆಗಳ ವಿಷಯದಲ್ಲಿ ಕ್ಷಮೆ ಕೇಳಿಯಾಗಿತ್ತು. ಮರುದಿನ ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಆಟವನ್ನು ತೆಗೆದುಹಾಕುವುದಾಗಿ, ಕೇಳಿದವರಿಗೆ ಹಣ ಹಿಂತಿರುಗಿಸುವುದಾಗಿ ಪ್ರಕಟಿಸಿತು. ಅಷ್ಟು ದೊಡ್ಡ ಆಟಕ್ಕೆ ಹೀಗಾದದ್ದು ತೀರಾ ಅಪರೂಪ. ಅದು ಆ ಅಂಗಡಿಗೆ ಮರಳಿದ್ದು 2021ರ ಜೂನ್ 21ಕ್ಕೆ. ಡಿಸೆಂಬರ್ 20ರ ಹೊತ್ತಿಗಾಗಲೇ 1.3 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಹೂಡಿಕೆದಾರರು ಅಮೆರಿಕದಲ್ಲಿ ಹೂಡಿದ ಮೊಕದ್ದಮೆ 18.5 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು.

2021ರ ಜನವರಿಯಲ್ಲಿ ಇವಿನ್ಸ್ಕಿ ವಿಡಿಯೊದಲ್ಲಿ ಬಂದು ಕ್ಷಮೆ ಕೇಳಿದರು. ಆಟ ಮಾಡಿದ ತಂಡಗಳನ್ನು ದೂರಬೇಡಿ, ಬಿಡುಗಡೆ ಮಾಡುವ ತೀರ್ಮಾನ ತಮ್ಮದು ಮತ್ತು ಆಡಳಿತ ಮಂಡಳಿಯದ್ದು ಎಂಬರ್ಥದ ಮಾತು ಹೇಳಿದರು. ಕಂಪನಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಬೇರೆ ಬೇರೆ ಜನ ಇದ್ದಾರೆ ಎನ್ನುವುದನ್ನು ನನಗೆ ಬಿಡಿಸಿ ತೋರಿಸಿದ್ದು ಆ ಮಾತು. ವಿಚರ್‌ನ ಊರುಗಳನ್ನು, ಮಳೆಯನ್ನು, ಕುದುರೆಯನ್ನು ಬರೆದವರು ಬೇರೆ, ಷೇರುದಾರರಿಗೆ ದಿನಾಂಕ ಹೇಳಿದವರು ಬೇರೆ. ನಮ್ಮ ಪ್ರೀತಿ ಮೊದಲನೆಯವರಿಂದ ಹುಟ್ಟುತ್ತದೆ, ಅದರ ಫಲ ಉಣ್ಣುವವರು ಎರಡನೆಯವರು. ಇದು ಪೋಲೆಂಡಿನ ಮಾತಷ್ಟೇ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವರ್ಷಗಟ್ಟಲೆ ಹೊರದೇಶದ ಆಟಗಳಿಗೆ ಚಿತ್ರ, ವಿನ್ಯಾಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಅಮೆರಿಕದ ಆಟದ ಕಂಪನಿ ರಾಕ್‌ಸ್ಟಾರ್ ಕೊಂಡಿತು. ಯಾವುದೋ ಆಟದ ಬೀದಿಯ ದೀಪದ ಕಂಬ ನಮ್ಮವರದ್ದೇ ಕೈಕೆಲಸ ಆಗಿರಬಹುದು.

ನಮ್ಮಲ್ಲೂ ಅಭಿಮಾನಕ್ಕೆ ಇದೇ ಚಟ ಹಿಡಿಯಿತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನದಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ 'ಫೌಜಿ' ಆಟ ಘೋಷಿಸಿ, 2021ರ ಜನವರಿ 26ಕ್ಕೆ ಬಿಡುಗಡೆ ಮಾಡಿತು. ಪಬ್ಜಿ ಪ್ರೇಮಿಗಳು ಒಂದೇ ನಕ್ಷತ್ರ ಒತ್ತಿ ಫೌಜಿಯ ರೇಟಿಂಗ್ ಇಳಿಸಿದರು.

ಸೈಬರ್‌ಪಂಕ್ ಆಮೇಲೆ ಸುಧಾರಿಸಿತು. 2023ರ ಸೆಪ್ಟೆಂಬರಿನಲ್ಲಿ 2.0 ಅಪ್‌ಡೇಟ್, ಅದರ ಬೆನ್ನಿಗೇ 'ಫ್ಯಾಂಟಮ್ ಲಿಬರ್ಟಿ' ಎಂಬ ಸೇರ್ಪಡೆ ಬಂದು ಆಟಕ್ಕೆ ಮರುಜೀವ ಕೊಟ್ಟವು. ನಾವು ಅಂದೇ ಹೇಳಿರಲಿಲ್ಲವೇ ಎಂದು ಅಭಿಮಾನಿಗಳು ಎದೆ ತಟ್ಟಿಕೊಂಡರು. ನನ್ನ ಪ್ರಕಾರ ಆ ಶ್ರೇಯಸ್ಸು ಅವರದ್ದಲ್ಲ. ದೋಷಗಳನ್ನು ಒಂದೊಂದಾಗಿ ಹೇಳಿದವರದ್ದು, ಕೂತು ಸರಿಪಡಿಸಿದವರದ್ದು. ಅದೇ ವರ್ಷದ ಜುಲೈನಲ್ಲಿ ಕಂಪನಿ ಸುಮಾರು 100 ಜನರನ್ನು ತೆಗೆಯುವುದಾಗಿ ಹೇಳಿತು. ಅದಾದ ಮೇಲೆ ಅಲ್ಲಿನ ಕೆಲಸಗಾರರು ಸೇರಿ ಪೋಲೆಂಡಿನ ಗೇಮ್ ಕೆಲಸಗಾರರಿಗಾಗಿ ಸಂಘ ಕಟ್ಟಿಕೊಂಡರು.

ಇದರ ನಡುವೆ 2021ರ ಸೆಪ್ಟೆಂಬರಿನಲ್ಲಿ ಇನ್ನೊಂದು ಘಟನೆ ನಡೆಯಿತು, ನನಗೆ ಬಹಳ ಮುಖ್ಯ ಎನಿಸಿದ್ದು. ಜಿಒಜಿ ಅಂಗಡಿಗೆ 'ಹಿಟ್‌ಮ್ಯಾನ್' ಆಟ ಬಂತು. ಅದರ ಹಲವು ಭಾಗಗಳು ಇಂಟರ್‌ನೆಟ್ ಇಲ್ಲದೆ ತೆರೆಯುತ್ತಿರಲಿಲ್ಲ. ಬೀಗ ಇಲ್ಲ ಎಂದ ಅಂಗಡಿಯಲ್ಲೇ ಬೀಗ. ಈ ಸಲ ಎದ್ದವರು ಹೊರಗಿನ ಟೀಕಾಕಾರರಲ್ಲ, ಜಿಒಜಿಯನ್ನು ತಲೆಯ ಮೇಲೆ ಹೊತ್ತವರೇ. ಅಕ್ಟೋಬರಿನಲ್ಲಿ ಅಂಗಡಿ ಆಟವನ್ನು ಹಿಂತೆಗೆದು, ಹೀಗೆ ಬಿಡುಗಡೆ ಮಾಡಬಾರದಿತ್ತು ಎಂದು ಒಪ್ಪಿಕೊಂಡಿತು.

ಕೊಡಗಿನಲ್ಲಿ ಹಾಕಿ ನೋಡಿದವರಿಗೆ ಇದು ಹೊಸದಾಗಿ ಕಾಣುವುದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ ಎಷ್ಟೋ ಪಂದ್ಯಗಳನ್ನು ನಾನು ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ. ಎದುರಿನ ಮನೆತನದವರನ್ನು ಬೈಯುವವರು ಕಡಿಮೆ. ಪಾಸ್ ಕೈಬಿಟ್ಟ ತಮ್ಮದೇ ಹುಡುಗನಿಗೆ ಎದ್ದು ನಿಂತು ಗದರುವ ಅಜ್ಜಂದಿರೇ ಹೆಚ್ಚು.

ಹಿಟ್‌ಮ್ಯಾನ್ ಗಲಾಟೆಯ ವಾರ ತಮ್ಮ ಮತ್ತೆ ಟ್ಯಾಂಕಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತಿದ್ದ. ಒಂದು ನಕ್ಷತ್ರ ಕೊಟ್ಟು, ಜೊತೆಗೆ ಮೂರು ಸಾಲು ಬರೆದು ಬಂದ. ಯಾರನ್ನೂ ಬೈದಿರಲಿಲ್ಲ. ನಮ್ಮೂರಲ್ಲಿ ಮಳೆಗೆ ನೆಟ್ ಇರುವುದಿಲ್ಲ, ಅದಕ್ಕೇ ನಿಮ್ಮಲ್ಲಿ ಕೊಳ್ಳುತ್ತೇನೆ, ಇದನ್ನು ನಿಮ್ಮಲ್ಲಿ ಮಾರಬೇಡಿ ಎಂದಷ್ಟೇ ಇತ್ತು. 2020ರಲ್ಲಿ ಬಸ್ಸಿನಲ್ಲಿ ಬಂದ ಆ ಹಾರ್ಡ್ ಡಿಸ್ಕ್ ಬೂಷ್ಟು ಹಿಡಿಯದಂತೆ ಅಕ್ಕಿಯ ಡಬ್ಬಿಯಲ್ಲಿ ಈಗಲೂ ಇದೆ.